ರಸ್ತೆಯಲ್ಲಿ ಬೆದರಿ ಗಾಯಗೊಂಡ ಕುದುರೆ: ಮೊದಲ ಹತ್ತು ನಿಮಿಷದಿಂದ ಮತ್ತೆ ಜೀನು ಹಾಕುವವರೆಗೆ

ಶಿವಮೊಗ್ಗದಿಂದ ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ತಿರುವುಗಳಿಗೇನೂ ಬರ ಇಲ್ಲ. ಅಂಥದ್ದೊಂದು ತಿರುವಿನಲ್ಲಿ ಲಾರಿಯೊಂದು ಹಿಂದಿನಿಂದ ಬಂದು, ಸರಿಯಾಗಿ ನಮ್ಮ ಪಕ್ಕದಲ್ಲೇ ಏರ್ ಹಾರ್ನ್ ಹೊಡೆಯಿತು. ಕೆಂಚಿ ಒಂದೇ ನೆಗೆತಕ್ಕೆ ಚರಂಡಿ ಹಾರಿ ಅಡಿಕೆ ತೋಟದ ಮುಳ್ಳುತಂತಿಗೆ ಸಿಕ್ಕಿಕೊಂಡಳು. ನಾನು ಚರಂಡಿಯಲ್ಲೇ ಉಳಿದೆ. ಲಾರಿ ನಿಲ್ಲಲಿಲ್ಲ.

ಕೆಂಚಿ ನನ್ನ ಹೆಣ್ಣುಗುದುರೆ. ಎಡ ಹಿಂಗಾಲಿನಲ್ಲಿ, ಮಂಡಿಯಿಂದ ಕೆಳಗೆ, ಅಂಗೈಯುದ್ದ ಚರ್ಮ ಕಿತ್ತು ನೇತಾಡುತ್ತಿತ್ತು. ಅವಳು ಮತ್ತೆ ಅದೇ ರಸ್ತೆಯಲ್ಲಿ ಸಮಾಧಾನವಾಗಿ ಹೆಜ್ಜೆ ಹಾಕುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಅದರಲ್ಲಿ ಸುಮಾರು ಎರಡು ತಿಂಗಳು ನನ್ನ ಅವಸರದಿಂದಲೇ ಹಾಳಾಯಿತು. ಆ ಕಥೆ ಮುಂದೆ ಹೇಳುತ್ತೇನೆ. ನಮ್ಮ ಕಡೆ ದನದ ಬಗ್ಗೆ ಕೇಳಿದರೆ ಪ್ರತಿ ಮನೆಯಲ್ಲೂ ಒಬ್ಬರು ಹೇಳುತ್ತಾರೆ, ಕುದುರೆ ಬಗ್ಗೆ ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲ ಹತ್ತು ನಿಮಿಷ

ಮೊದಲು ನಿಮ್ಮನ್ನು ನೋಡಿಕೊಳ್ಳಿ. ಇದು ಸ್ವಾರ್ಥ ಅಲ್ಲ. ಕುತ್ತಿಗೆ ನೋಯುತ್ತಿದ್ದರೆ, ಕಣ್ಣು ಮಂಜಾಗುತ್ತಿದ್ದರೆ, ಎಲ್ಲಿದ್ದೇನೆ ಅಂತ ಒಂದು ಕ್ಷಣ ತಿಳಿಯದಿದ್ದರೆ ಏಳಬೇಡಿ, 112ಕ್ಕೆ ಫೋನ್ ಮಾಡಿ ಅಥವಾ ಮಾಡಿಸಿ. ತಲೆಗೆ ಪೆಟ್ಟು ಬಿದ್ದವರು 400 ಕಿಲೋ ತೂಗುವ, ಬೆದರಿದ ಪ್ರಾಣಿಯ ಹತ್ತಿರ ಹೋದರೆ ಗಾಯಾಳುಗಳು ಇಬ್ಬರಾಗುತ್ತಾರೆ.

ಎದ್ದು ನಿಲ್ಲಬಹುದು ಅನ್ನಿಸಿದರೆ ಕುದುರೆಯ ಕಡೆ ಓಡಬೇಡಿ. ನೇರವಾಗಿ ಮುಂದಿನಿಂದಲೂ ಬೇಡ, ಹಿಂದಿನಿಂದಲೂ ಬೇಡ. ಕುದುರೆಗೆ ಸುತ್ತಲೂ ಕಾಣುತ್ತದೆ, ಆದರೆ ಹಣೆಯ ಎದುರಿಗೆ ತೀರಾ ಹತ್ತಿರದಲ್ಲಿ ಮತ್ತು ಬಾಲದ ಹಿಂದೆ ಕಾಣುವುದಿಲ್ಲ. ಹೆಗಲಿನ ಕಡೆಯಿಂದ, ದಿನವೂ ಮಾತಾಡುವ ದನಿಯಲ್ಲೇ ಏನಾದರೂ ಹೇಳುತ್ತಾ ಹೋಗಿ. ನಾನು ಆವತ್ತು ಹೇಳುತ್ತಿದ್ದದ್ದು "ಹುರುಳಿ ತಿಂತೀಯಾ, ಹುರುಳಿ ತಿಂತೀಯಾ" ಅಂತ. ಬೇರೆ ಏನೂ ಬಾಯಿಗೆ ಬರಲಿಲ್ಲ.

ತಂತಿಯಲ್ಲಿ ಕಾಲು ಸಿಕ್ಕಿದ್ದರೆ ಕಾಲನ್ನು ಎಳೆಯಬೇಡಿ, ತಂತಿಯನ್ನು ಕತ್ತರಿಸಿ. ಒಬ್ಬರು ತಲೆ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಕತ್ತರಿಸಬೇಕು. ಬಿಗಿ ತಂತಿ ಕತ್ತರಿಸಿದಾಗ ಹಾವಿನ ಹಾಗೆ ಚಿಮ್ಮುತ್ತದೆ. ಅದಕ್ಕೇ ಕುದುರೆಯ ಕಡೆಗಿನ ತುದಿಯನ್ನು ಮೊದಲು ಕೈಯಲ್ಲಿ ಗಟ್ಟಿ ಹಿಡಿದುಕೊಳ್ಳಬೇಕು. ತೋಟದ ಗೌಡ್ರು ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಓಡಿ ಬಂದರು. "ಎಂತ ಆಯ್ತು ಮಾರಾಯ್ತಿ!" ಅಂತ ಕೂಗಿದ್ದಕ್ಕೆ ಕೆಂಚಿ ಇನ್ನೊಂದು ಸಲ ಒದ್ದಾಡಿದಳು. ಆಮೇಲೆ ಅವರೇ ದನಿ ಇಳಿಸಿದರು. ಸಹಾಯಕ್ಕೆ ಬಂದವರಿಗೆ ಮೊದಲು ಹೇಳಬೇಕಾದ ಮಾತು ಇದೇ, ಮೆಲ್ಲಗೆ ಮಾತಾಡಿ. ಬೈಕ್ ನಿಲ್ಲಿಸಿ ವಿಡಿಯೋ ಮಾಡುವವರನ್ನು ಬೇಕಾದರೆ ರಸ್ತೆಯ ಆಚೀಚೆ ವಾಹನ ನಿಧಾನ ಮಾಡಿಸಲು ಕಳಿಸಿ. ಅವರಿಗೂ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ.

ಅವರಲ್ಲೇ ಒಬ್ಬರಿಗೆ ಲಾರಿಯ ನಂಬರ್, ಜಾಗದ ಫೋಟೋ, ಗಾಯದ ಫೋಟೋ ತೆಗೆದಿಡಲು ಹೇಳಿ. ನಮ್ಮ ಲಾರಿಯ ನಂಬರ್ ಯಾರೂ ನೋಡಿರಲಿಲ್ಲ. ಪರಿಹಾರ ಕೇಳುವುದಿದ್ದರೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ಪಶುವೈದ್ಯರು ಬರೆದುಕೊಟ್ಟ ಪ್ರಮಾಣಪತ್ರ, ಖರ್ಚಿನ ಬಿಲ್ಲು ಮೂರೂ ಬೇಕಾಗುತ್ತವೆ.

ರಕ್ತ ನೋಡಿ ಗಾಬರಿಯಾಗಬೇಡಿ, ಒತ್ತಿ ಹಿಡಿಯಿರಿ

ಕುದುರೆಯ ಮೈಯಲ್ಲಿ 30 ಲೀಟರ್ ಆಸುಪಾಸು ರಕ್ತ ಇರುತ್ತದೆ. ನೆಲದ ಮೇಲೆ ಬಿದ್ದ ಅರ್ಧ ಲೀಟರ್ ನಮ್ಮ ಕಣ್ಣಿಗೆ ಒಂದು ಕೊಡ ತುಂಬುವಷ್ಟು ಕಾಣುತ್ತದೆ. ಶುಭ್ರವಾದ ಬಟ್ಟೆ ಮಡಚಿ ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ. ನಿಂತಿತಾ ಅಂತ ನಡುವೆ ಎತ್ತಿ ನೋಡಬಾರದು, ಹೆಪ್ಪುಗಟ್ಟಲು ಶುರುವಾದದ್ದು ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಡಿ. ನನ್ನ ಹತ್ತಿರ ಇದ್ದದ್ದು ಒಂದು ಬೈರಾಸು (ಟವೆಲು), ಗೌಡ್ರ ಪಂಚೆಯ ಅರ್ಧ. ಕಾಲಿಗೆ ಹಗ್ಗ ಬಿಗಿದು ರಕ್ತ ನಿಲ್ಲಿಸುವ ಪ್ರಯತ್ನ ಬೇಡವೇ ಬೇಡ. ರಕ್ತ ಹಾರಿ ಹಾರಿ ಚಿಮ್ಮುತ್ತಿದ್ದರೆ ಮಾತ್ರ ಅದು ದೊಡ್ಡ ನಾಳದ್ದು. ಆಗ ಒತ್ತಿದ ಕೈ ತೆಗೆಯದೆ ವೈದ್ಯರು ಬರುವವರೆಗೂ ಕಾಯಬೇಕು.

ಕಡ್ಡಿ, ತಂತಿಯ ತುಂಡು, ಮೊಳೆ ಏನಾದರೂ ಆಳವಾಗಿ ಹೊಕ್ಕಿದ್ದರೆ ಕೀಳಬೇಡಿ. ಎಷ್ಟು ಆಳ, ಯಾವ ದಿಕ್ಕು ಅನ್ನುವುದು ಅದು ಅಲ್ಲೇ ಇದ್ದರೆ ಮಾತ್ರ ವೈದ್ಯರಿಗೆ ಗೊತ್ತಾಗುವುದು. ಗೊರಸಿನ ಅಡಿಗೆ ಹೊಕ್ಕ ಮೊಳೆಗೂ ಇದೇ ಮಾತು.

ಇನ್ನೊಂದು ವಿಷಯ. ಗಾಯದ ಗಾತ್ರ ನೋಡಿ ಅಳೆಯಬೇಡಿ, ಗಾಯ ಇರುವ ಜಾಗ ನೋಡಿ. ತೊಡೆಯ ಮೇಲೆ ಬಾಯಿ ತೆರೆದುಕೊಂಡ ದೊಡ್ಡ ಗಾಯ ಎಷ್ಟೋ ಸಲ ಚೆನ್ನಾಗಿ ವಾಸಿಯಾಗುತ್ತದೆ. ಆದರೆ ಕೀಲಿನ ಹತ್ತಿರ ಕಡ್ಡಿ ಚುಚ್ಚಿದಷ್ಟೇ ತೂತು ಇದ್ದು, ಅದರಿಂದ ತಿಳಿ ಹಳದಿ ಬಣ್ಣದ, ಬೆರಳಿಗೆ ಅಂಟುವ ನೀರು ಬರುತ್ತಿದ್ದರೆ ಅದು ಕೀಲಿನ ಒಳಗಿನ ಎಣ್ಣೆನೀರು. ಸೋಂಕು ಕೀಲಿನೊಳಗೆ ಹೋದರೆ ಕುದುರೆ ಉಳಿಯುವುದು ಕಷ್ಟ. ಅದನ್ನು ಗಂಟೆಗಳ ಲೆಕ್ಕದಲ್ಲಿ ನೋಡಬೇಕು, ನಾಳೆ ಬೆಳಗ್ಗೆ ಅನ್ನುವ ಹಾಗಿಲ್ಲ.

ಡಾಕ್ಟರಿಗೆ ಏನು ಹೇಳಬೇಕು

ಪಶು ಆಂಬುಲೆನ್ಸಿಗೆ 1962. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ತಾಲ್ಲೂಕಿನಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಇಲ್ಲಿನ ವೈದ್ಯರ ಕೈಗೆ ದಿನವೂ ಸಿಗುವುದು ದನ, ಎಮ್ಮೆ, ನಾಯಿ. ಕುದುರೆ ಅಪರೂಪ. ಅದು ಅವರ ತಪ್ಪಲ್ಲ. ಅದಕ್ಕೇ ಒಂದು ಉಪಾಯ ಮಾಡಿಟ್ಟುಕೊಳ್ಳಿ. ಬೆಂಗಳೂರು ಅಥವಾ ಮೈಸೂರು ಕಡೆ ಕುದುರೆಗಳನ್ನೇ ನೋಡುವ ಒಬ್ಬ ವೈದ್ಯರ ನಂಬರನ್ನು, ಏನೂ ಆಗದೆ ಇರುವಾಗಲೇ, ಕೇಳಿ ಬರೆದಿಟ್ಟುಕೊಳ್ಳಿ. ಹೊಲಿಗೆ ಹಾಕುವವರು ನಮ್ಮೂರಿನವರು, ಫೋನಿನಲ್ಲಿ ಔಷಧದ ಅಳತೆ ಮಾತಾಡಿಕೊಳ್ಳುವವರು ಅವರು. ಕೆಂಚಿಯ ವಿಷಯದಲ್ಲಿ ಹೀಗೇ ಆಯಿತು. ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಗೌಡ್ರ ಮಗ ಮೂರು ಸಲ ಹತ್ತಿ ಇಳಿದು ಫೋಟೋ ಕಳಿಸಿದ.

"ತುಂಬಾ ಪೆಟ್ಟಾಗಿದೆ, ಬೇಗ ಬನ್ನಿ" ಅಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಸಂಖ್ಯೆ ಹೇಳಿ.

ನಾಡಿ: ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಗೆ ಕೈ ಅಥವಾ ಸ್ಟೆತೊಸ್ಕೋಪ್ ಇಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಬೆದರಿದಾಗ ಏರಿರುತ್ತದೆ, ಇಪ್ಪತ್ತು ನಿಮಿಷದಲ್ಲಿ ಇಳಿಯಲು ಶುರುವಾಗಬೇಕು. ನಿಂತಲ್ಲೇ 60 ದಾಟಿಕೊಂಡೇ ಇದ್ದರೆ ನೋವು ಜಾಸ್ತಿ ಇದೆ ಅಥವಾ ಒಳಗೇನೋ ಆಗಿದೆ.

ಉಸಿರು: ಪಕ್ಕೆ ಏರಿಳಿಯುವುದನ್ನು ನೋಡಿ ಎಣಿಸಿ. ನಿಮಿಷಕ್ಕೆ 8ರಿಂದ 16.

ಒಸಡು: ತುಟಿ ಎತ್ತಿ ನೋಡಿ. ತಿಳಿ ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿಕೊಂಡಿದ್ದರೆ ಅದನ್ನೇ ಮೊದಲು ಹೇಳಿ.

ಇಷ್ಟರ ಜೊತೆಗೆ ಯಾವ ಕಾಲು, ಆ ಕಾಲಿನ ಮೇಲೆ ಭಾರ ಬಿಡುತ್ತಿದೆಯಾ, ಕೊನೆಯ ಟಿ.ಟಿ. (ಧನುರ್ವಾಯು) ಲಸಿಕೆ ಯಾವಾಗ ಅನ್ನುವುದು. ಹೊಲಿಗೆ ಹಾಕುವುದಿದ್ದರೆ ಆರೆಂಟು ಗಂಟೆಯೊಳಗೆ ಹಾಕಿದರೆ ಒಳ್ಳೆಯದು, ಹಾಗಾಗಿ ಗಾಯವಾದ ಸಮಯ ನೆನಪಿಡಿ.

ಹಚ್ಚಬಾರದ್ದನ್ನು ಹಚ್ಚಬೇಡಿ

ಮಲೆನಾಡಿನ ಪ್ರತಿ ಅಡಿಕೆ ಮನೆಯಲ್ಲೂ ಮೈಲುತುತ್ತ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದಿಟ್ಟದ್ದು. ಕುದುರೆಯ ಗಾಯ ನೋಡಿದ ತಕ್ಷಣ ಯಾರೋ ಒಬ್ಬರು ಅದನ್ನು ಪುಡಿ ಮಾಡಿ ತರುತ್ತಾರೆ. ಇನ್ನೊಬ್ಬರು ಅರಿಶಿನ ಎಣ್ಣೆ ಅನ್ನುತ್ತಾರೆ, ಮತ್ತೊಬ್ಬರು ಸುಣ್ಣ ಹೊಗೆಸೊಪ್ಪು, ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್. ಎಲ್ಲರದ್ದೂ ಒಳ್ಳೆ ಮನಸ್ಸೇ. ಆದರೆ ಮೈಲುತುತ್ತ ಹೊಸ ಮಾಂಸವನ್ನೂ ಸುಡುತ್ತದೆ. ಎಣ್ಣೆ, ಪುಡಿ ಮೆತ್ತಿದ ಗಾಯಕ್ಕೆ ಹೊಲಿಗೆ ಹಾಕುವ ಮೊದಲು ವೈದ್ಯರು ಅದನ್ನೆಲ್ಲ ಕೆರೆದು ತೆಗೆಯಬೇಕು. ಆ ನೋವು ಪಡುವುದು ಕುದುರೆ.

ಹಾಗಾದರೆ ಏನು ಮಾಡಬೇಕು? ತೊಳೆಯಬೇಕು, ಅಷ್ಟೇ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು. ಸೂಜಿ ಇಲ್ಲದ ದೊಡ್ಡ ಸಿರಿಂಜಿನಲ್ಲಿ ಆ ನೀರು ತುಂಬಿ ಗಾಯದ ಮೇಲೆ ಹಾಯಿಸಿ. ಪೊವಿಡೋನ್ ಅಯೋಡಿನ್ ಇದ್ದರೆ ಅದನ್ನು ಹಾಗೇ ಸುರಿಯಬೇಡಿ, ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ಮಾತ್ರ ನೀರಿಗೆ ಬೆರೆಸಿ. ನೇತಾಡುವ ಚರ್ಮ ಕತ್ತರಿಸಿ ಎಸೆಯಬೇಡಿ. ಸತ್ತಂತೆ ಕಂಡರೂ ಅದು ವೈದ್ಯರಿಗೆ ಬೇಕಾಗುತ್ತದೆ.

ನೋವಿನ ಮಾತ್ರೆಯ ವಿಷಯ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್ ಅಂತೂ, ಅದನ್ನು ಕೊಟ್ಟ ಪ್ರಾಣಿಯ ಹೆಣ ತಿಂದ ರಣಹದ್ದುಗಳು ಸಾಯುತ್ತವೆ ಅಂತ 2006ರಲ್ಲೇ ಜಾನುವಾರುಗಳಿಗೆ ನಿಷೇಧ ಆಗಿದೆ. ಇಷ್ಟಕ್ಕೂ ವೈದ್ಯರು ನೋಡುವ ಮೊದಲೇ ನೋವು ಮುಚ್ಚಿಬಿಟ್ಟರೆ ಮುರಿದ ಕಾಲಿನ ಮೇಲೂ ಕುದುರೆ ಭಾರ ಬಿಟ್ಟೀತು.

ಮನೆಗೆ ಸಾಗಿಸುವುದು

ಕಾಲು ಊರಲು ಆಗದ ಕುದುರೆಯನ್ನು ನಡೆಸಬೇಡಿ. ಸಾಧ್ಯವಾದರೆ ವೈದ್ಯರನ್ನೇ ಅಲ್ಲಿಗೆ ಕರೆಸಿ. ಗಾಡಿಗೆ ಹತ್ತಿಸುವುದಾದರೆ ನೆಲಕ್ಕೆ ಒದ್ದೆ ಗೋಣಿಚೀಲ, ಅದರ ಮೇಲೆ ಮರಳು ಹಾಕಿ. ತಗಡಿನ ಮೇಲೆ ಗೊರಸು ಜಾರಿದರೆ ಎರಡನೇ ಗಾಯ ಖಂಡಿತ. ಮುಂಗಾಲಿಗೆ ಪೆಟ್ಟಾಗಿದ್ದರೆ ಕುದುರೆಯ ಮುಖ ಗಾಡಿಯ ಹಿಂದಕ್ಕೆ ಇರಲಿ, ಹಿಂಗಾಲಿಗೆ ಆಗಿದ್ದರೆ ಮುಂದಕ್ಕೆ. ಬ್ರೇಕ್ ಹಾಕಿದಾಗ ಮೈಭಾರ ಗಾಡಿಯ ಮುಂದಕ್ಕೆ ನುಗ್ಗುತ್ತದೆ, ಅದು ಗಟ್ಟಿ ಇರುವ ಕಾಲಿನ ಮೇಲೆ ಬೀಳಲಿ ಅಂತ. ಡ್ರೈವರ್ ಪಕ್ಕದಲ್ಲಿ ನೀವು ಕೂರಿ, "ನಿಧಾನ ಅಣ್ಣಾ" ಅಂತ ಪ್ರತಿ ತಿರುವಿಗೂ ಹೇಳಿ. ಬೈಸಿಕೊಂಡರೂ ಪರವಾಗಿಲ್ಲ.

ಧನುರ್ವಾಯು

ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವುದು ಬೇರೊಂದಿಲ್ಲ. ಆ ರೋಗಾಣು ಮಣ್ಣಿನಲ್ಲಿ, ಲದ್ದಿಯಲ್ಲಿ ಇದ್ದೇ ಇರುತ್ತದೆ. ಲಸಿಕೆ ಯಾವಾಗ ಹಾಕಿಸಿದ್ದು ನೆನಪಿಲ್ಲ ಅಂದರೆ ಹಾಕಿಸಿಲ್ಲ ಅಂತಲೇ ಲೆಕ್ಕ. ಅವತ್ತೇ ವೈದ್ಯರಿಂದ ಇಂಜೆಕ್ಷನ್ ಹಾಕಿಸಿ. ಮುಂದಿನ ಮೂರು ವಾರ ಗಮನಿಸುತ್ತಿರಿ. ನಡಿಗೆ ಮರದ ಕುದುರೆಯ ಹಾಗೆ ಸೆಡೆತುಕೊಂಡರೆ, ಕಿವಿ ನೆಟ್ಟಗಾದರೆ, ದವಡೆ ಬಿಗಿದರೆ, ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಅಡ್ಡ ಬಂದರೆ ಕಾಯಬೇಡಿ.

ಬ್ಯಾಂಡೇಜ್: ಇದನ್ನು ಕೈಯಾರೆ ಕಲಿಯಲೇಬೇಕು

ಮಂಡಿಯಿಂದ ಕೆಳಗೆ ಕುದುರೆಯ ಕಾಲಿನಲ್ಲಿ ಮಾಂಸ ಇಲ್ಲ. ಚರ್ಮ, ನರ (ಮಾಂಸವನ್ನು ಎಲುಬಿಗೆ ಕಟ್ಟುವ ಹುರಿ, ಟೆಂಡನ್), ಎಲುಬು ಅಷ್ಟೇ. ರಕ್ತದ ಓಡಾಟ ಕಡಿಮೆ, ವಾಸಿಯಾಗುವುದು ನಿಧಾನ. ಸಾಲದ್ದಕ್ಕೆ ಅಲ್ಲಿ ಬೆಳೆಯುವ ಹೊಸ ಮಾಂಸಕ್ಕೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲ. ಹೂಕೋಸಿನ ಹಾಗೆ ಉಬ್ಬಿ ಚರ್ಮದ ಅಂಚು ದಾಟಿ ಮೇಲೆ ಬರುತ್ತದೆ. ಹಾಗಾಗದಂತೆ ತಡೆಯುವುದರಲ್ಲಿ ಒಳ್ಳೆಯ ಬ್ಯಾಂಡೇಜಿನ ಪಾಲು ದೊಡ್ಡದು. ಉಬ್ಬಿದ ಮೇಲೆ ಕತ್ತರಿಸುವುದೋ, ಔಷಧವೋ ಅನ್ನುವುದನ್ನು ವೈದ್ಯರಿಗೇ ಬಿಡಿ.

ನಾನು ಕಲಿತ ಕ್ರಮ ಇದು. ಮೊದಲು ಗಾಯಕ್ಕೆ ಅಂಟದ ಡ್ರೆಸಿಂಗ್. ಅದರ ಮೇಲೆ ಹತ್ತಿಯ ರೋಲ್, ಎರಡು ಬೆರಳು ದಪ್ಪ, ಒಂದು ಸುಕ್ಕೂ ಇಲ್ಲದಂತೆ. ಸುಕ್ಕು ಇದ್ದರೆ ಸಂಜೆಯ ಹೊತ್ತಿಗೆ ಅದರ ಗೆರೆ ಕಾಲಿನ ಮೇಲೆ ಮೂಡಿರುತ್ತದೆ. ಹತ್ತಿಯ ಮೇಲೆ ಗಾಜ್ ಪಟ್ಟಿ, ಕೊನೆಗೆ ಹಿಗ್ಗುವ ಪಟ್ಟಿ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಎಳೆತ ಬೀಳುವುದು ಮುಂದಿನ ಎಲುಬಿನ ಮೇಲೆ, ಹಿಂದುಗಡೆ ಹಗ್ಗದ ಹಾಗೆ ಕೈಗೆ ಸಿಗುವ ನರದ ಮೇಲಲ್ಲ. ಮೇಲೆ ಕೆಳಗೆ ಎರಡೂ ಕಡೆ ಸ್ವಲ್ಪ ಹತ್ತಿ ಹೊರಗೆ ಇಣುಕುತ್ತಿರಲಿ. ಮುಗಿದ ಮೇಲೆ ಮೇಲಂಚಿನಲ್ಲಿ ಒಂದು ಬೆರಳು ತೂರಿಸಿ ನೋಡಿ. ಕಷ್ಟಪಟ್ಟು ಹೋಗಬೇಕು. ಸಲೀಸಾಗಿ ಹೋದರೆ ಜಾರುತ್ತದೆ, ಹೋಗದಿದ್ದರೆ ಬಿಗಿ. ಕಟ್ಟುವಾಗ ಮಂಡಿಯೂರಿ ಕೂರಬೇಡಿ, ಕುಕ್ಕರಗಾಲಿನಲ್ಲಿರಿ. ಕುದುರೆ ಕಾಲು ಎತ್ತಿದರೆ ತಕ್ಷಣ ಹಿಂದಕ್ಕೆ ಸರಿಯಲು ಆಗಬೇಕು.

ಗಾಯ ಇಲ್ಲದ ಜೋಡಿ ಕಾಲಿಗೂ ಕಟ್ಟಿ. ಇಡೀ ಭಾರ ಹೊರುತ್ತಿರುವುದು ಅದು. ದಿನಕ್ಕೆ ಎರಡು ಸಲ ಆ ಕಾಲಿನ ಗೊರಸು ಮುಟ್ಟಿ ನೋಡಿ. ಬಿಸಿ ಇದ್ದರೆ, ಗೊರಸಿನ ಮೇಲಿನ ಗೆಣ್ಣಿನ ಎರಡೂ ಬದಿಯಲ್ಲಿ ನಾಡಿ ಢವ ಢವ ಅಂತ ಬಡಿಯುತ್ತಿದ್ದರೆ, ಗೊರಸಿನ ಒಳಗೆ ಉರಿಯೂತ ಶುರುವಾಗಿದೆ ಅಂತ ಅರ್ಥ. ಲ್ಯಾಮಿನೈಟಿಸ್ ಅನ್ನುತ್ತಾರೆ. ಪೆಟ್ಟಾದ ಕಾಲು ವಾಸಿಯಾಗಿ, ಚೆನ್ನಾಗಿದ್ದ ಕಾಲಿನಿಂದ ಕುದುರೆ ಹೋದದ್ದೂ ಉಂಟು.

ನಮ್ಮ ಮಳೆಗಾಲದಲ್ಲಿ ಬ್ಯಾಂಡೇಜ್ ಒಣಗಿರುವುದೇ ಒಂದು ಸಾಹಸ. ನೆನೆದ ಬ್ಯಾಂಡೇಜ್ ಇಲ್ಲದ್ದಕ್ಕಿಂತ ಕಡೆ. ಒದ್ದೆಯಾದರೆ ಅವಧಿ ನೋಡದೆ ಬಿಚ್ಚಿ ಬದಲಾಯಿಸಿ. ವಾಸನೆ ಬಂದರೂ ಅಷ್ಟೇ, ಕುದುರೆ ಅದನ್ನು ಕಚ್ಚಲು ಶುರುಮಾಡಿದರೂ ಅಷ್ಟೇ. ಕಚ್ಚುತ್ತಿದೆ ಅಂದರೆ ಒಳಗೆ ಏನೋ ಸರಿಯಿಲ್ಲ. ನೊಣ ಕೂತು ಹುಳ ಬೀಳುವುದೂ ಇದೇ ಕಾಲದಲ್ಲಿ. ಇಂಬಳದ (ಜಿಗಣೆಯ) ಚಿಂತೆ ಬೇಡ. ಅದು ಕುಡಿಯುವ ರಕ್ತಕ್ಕಿಂತ ನೊಣ ಇಡುವ ಮೊಟ್ಟೆ ಅಪಾಯ.

ಕಟ್ಟಿ ಹಾಕಿದ ದಿನಗಳು

ವೈದ್ಯರು "ಲಾಯದಲ್ಲೇ ಇರಲಿ" ಅಂದರೆ ಅಂದಿನಿಂದಲೇ ಹುರುಳಿ, ಬೂಸಾ ಕಡಿಮೆ ಮಾಡಿ, ಒಣಹುಲ್ಲು ಹೆಚ್ಚಿಸಿ. ಕೆಲಸ ಇಲ್ಲದ ಕುದುರೆಗೆ ಕಾಳು ಕೊಟ್ಟರೆ ಮೈಯಲ್ಲಿ ಬೆಂಕಿ ಹಚ್ಚಿದ ಹಾಗೆ. 350 ಕಿಲೋ ಕುದುರೆಗೆ ದಿನಕ್ಕೆ 5ರಿಂದ 7 ಕಿಲೋ ಒಣಮೇವು ಬೇಕು. ಬ್ಯಾಣದ ಕರಡ, ಅಂದರೆ ಹುಲ್ಲುಗಾವಲಿನ ಒಣಹುಲ್ಲು, ಸಿಕ್ಕರೆ ಒಳ್ಳೆಯದು. ಭತ್ತದ ಹುಲ್ಲು ಆಗಬಹುದು, ಆದರೆ ಬರೀ ಅದೇ ಬೇಡ. ಮಳೆಗೆ ಸಿಕ್ಕಿ ಬೂಸಲು ಹಿಡಿದ ಹುಲ್ಲಂತೂ ದನಕ್ಕೆ ನಡೆದರೂ ಕುದುರೆಗೆ ಕೆಮ್ಮು ತರುತ್ತದೆ. ದನದ ಹಿಂಡಿ ಚೀಲದಿಂದ ಒಂದು ಬೊಗಸೆ ಹಾಕಿದರೆ ಏನಾಗುತ್ತೆ ಅಂತ ಅನ್ನಿಸಬಹುದು. ಕೋಳಿ ಆಹಾರಕ್ಕೂ ಕೆಲವು ದನದ ಆಹಾರಕ್ಕೂ ಸೇರಿಸುವ ಮೊನೆನ್ಸಿನ್ ಅನ್ನುವ ಔಷಧ ಕುದುರೆಯ ಹೃದಯಕ್ಕೆ ವಿಷ. ಬೇಡ.

ಸುಮ್ಮನೆ ನಿಂತ ಕುದುರೆಗೆ ಹೊಟ್ಟೆ ಕಟ್ಟುತ್ತದೆ. ಲದ್ದಿ ಎಣಿಸಿ. ದಿನಕ್ಕೆ ಎಂಟು-ಹತ್ತು ಸಲ ಹಾಕುತ್ತಿದ್ದದ್ದು ಮೂರಕ್ಕೆ ಇಳಿದರೆ, ಉಂಡೆ ಒಣಗಿ ಸಣ್ಣದಾದರೆ, ಪಕ್ಕೆ ತಿರುಗಿ ನೋಡುತ್ತಿದ್ದರೆ ವೈದ್ಯರಿಗೆ ಹೇಳಿ. ನೀರು ಬಕೆಟ್ಟಿನಲ್ಲಿ ಅಳೆದು ಇಡಿ, 20 ಲೀಟರಿಗಿಂತ ಕಡಿಮೆ ಕುಡಿದರೆ ಅನುಮಾನಿಸಿ. ಕೊಟ್ಟಿಗೆಗೆ ಹಾಕುವ ಹಸಿ ಸೊಪ್ಪನ್ನು ಕುದುರೆಯ ಕಾಲಡಿಗೆ ಹಾಕಬೇಡಿ. ಗೊರಸು ಕೊಳೆಯುತ್ತದೆ, ಜೊತೆಗೆ ಬೇಜಾರಿಗೆ ಅದನ್ನೇ ಮೆಲ್ಲುತ್ತದೆ. ಒಣ ಮರಳು ಅಥವಾ ಸಾಮಿಲ್ಲಿನ ಮರದ ಹೊಟ್ಟು ಹಾಸಿ. ಕೈಯಲ್ಲಿ ಹಿಡಿದು ಹುಲ್ಲು ಮೇಯಿಸುವಾಗ ಅಂಗಳದ ಕಣಗಿಲೆಯ ಹತ್ತಿರ ಸುಳಿಯಬೇಡಿ, ಅದು ಬಲು ವಿಷ.

ಒಂಟಿತನಕ್ಕೆ ಔಷಧ ಇಲ್ಲ, ಜೊತೆ ಬೇಕು. ಕೆಂಚಿಯ ಲಾಯದ ಪಕ್ಕ ನಮ್ಮ ಮಲೆನಾಡು ಗಿಡ್ಡ ಹಸುವನ್ನು ಕಟ್ಟಿದೆವು. ಮೊದಲ ಎರಡು ದಿನ ಒಂದಕ್ಕೊಂದು ಬೆನ್ನು ಮಾಡಿ ನಿಂತವು. ಮೂರನೇ ದಿನದಿಂದ ಹಸುವನ್ನು ಮೇಯಲು ಬಿಟ್ಟರೆ ಕೆಂಚಿ ಕೆನೆಯತೊಡಗಿದಳು. ಹಸು ತಿರುಗಿಯೂ ನೋಡುತ್ತಿರಲಿಲ್ಲ, ಅದು ಬೇರೆ ಮಾತು.

ಹದಿನೆಂಟನೇ ದಿನ

ಹೊಲಿಗೆ ಬಿಚ್ಚಿ ನಾಲ್ಕು ದಿನ ಆಗಿತ್ತು. ಗಾಯ ಒಣಗಿತ್ತು, ಕುಂಟು ಇರಲಿಲ್ಲ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಐದೇ ನಿಮಿಷ ಅಂಗಳದಲ್ಲಿ ಬಿಡೋಣ, ಪಾಪ ಅಂತ ಬಿಟ್ಟೆ. ಎರಡು ವಾರದಿಂದ ಕಟ್ಟಿದ್ದ ಕುದುರೆ ಐದು ನಿಮಿಷ ನಡೆಯುವುದಿಲ್ಲ, ಹಾರುತ್ತದೆ. ಎರಡು ಸುತ್ತು ಓಡಿ, ಹಿಂಗಾಲು ಝಾಡಿಸಿ, ಒದ್ದೆ ನೆಲದಲ್ಲಿ ಜಾರಿದಳು. ಗಾಯ ಮತ್ತೆ ಬಾಯಿ ತೆರೆಯಿತು. ಈ ಸಲ ಹೊಲಿಗೆ ಹಾಕುವಂತೆಯೂ ಇರಲಿಲ್ಲ, ತಾನಾಗಿ ತುಂಬಿಕೊಳ್ಳುವವರೆಗೆ ಕಾಯಬೇಕಾಯಿತು. ವೈದ್ಯರು ಬೈಯಲಿಲ್ಲ. "ಮೇಲಿನ ಚರ್ಮ ನೋಡಿ ಲೆಕ್ಕ ಹಾಕಬಾರದಮ್ಮ" ಅಂದರು ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಹಾಗಾಗಿ ನಡೆಸುವ ಕ್ರಮ ವೈದ್ಯರು ಹೇಳಿದ ಮೇಲೆಯೇ ಶುರು. ಹಗ್ಗ ಕೈಯಲ್ಲೇ ಇರಬೇಕು. ಗಟ್ಟಿಯಾದ, ಮಟ್ಟಸವಾದ ನೆಲ. ದಿನಕ್ಕೆ ಎರಡು ಸಲ ಐದೈದು ನಿಮಿಷ, ವಾರಕ್ಕೊಮ್ಮೆ ಐದು ನಿಮಿಷ ಹೆಚ್ಚು. ನಡೆಸಿದ ಮಾರನೇ ಬೆಳಗ್ಗೆ ಕಾಲು ಊದಿದೆಯಾ, ಬಿಸಿ ಇದೆಯಾ ನೋಡಿ. ಇದ್ದರೆ ಹಿಂದಿನ ವಾರದ ಲೆಕ್ಕಕ್ಕೆ ಮರಳಿ. ನರಕ್ಕೇ ಪೆಟ್ಟಾಗಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ ನೋಡದೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ, ಆ ದಾರಿ ಆರು ತಿಂಗಳಿಂದ ವರ್ಷದ್ದು.

ನಿಮ್ಮ ಕಥೆ ಏನು?

ಬಿದ್ದ ದಿನ ನನಗೆ ನೋವೇ ಗೊತ್ತಾಗಲಿಲ್ಲ. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟದ್ದು ತಿಳಿದದ್ದು ಮಾರನೇ ದಿನ, ದೋಸೆ ಮಗುಚುವಾಗ. ತಲೆಗೆ ಏಟು ಬಿದ್ದಿದ್ದರೆ ಎರಡು ದಿನ ಒಬ್ಬರೇ ಇರಬೇಡಿ. ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದಂಥ ನಿದ್ದೆ, ಇದರಲ್ಲಿ ಯಾವುದು ಕಂಡರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಇನ್ನಾವುದಕ್ಕೋ ಹೊರಡಿ. ಏಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು, ಎಸೆಯಿರಿ.

ಹೆದರಿಕೆಯ ವಿಷಯ ನಾವು ಮಾತಾಡುವುದಿಲ್ಲ. ಮನೆಯ ಮುಂದೆ ಬಸ್ಸಿನ ಹಾರ್ನ್ ಕೇಳಿದರೆ ನನ್ನ ಅಂಗೈ ಬೆವರುತ್ತಿತ್ತು. "ಅಷ್ಟಕ್ಕೆಲ್ಲ ಹೆದರ್ತಾರಾ" ಅಂದವರು ಜಾಸ್ತಿ. ಕೆಂಚಿ ವಾಸಿಯಾಗುವವರೆಗೆ ಕಾಯದೆ, ಪರಿಚಯದವರ ಮುದಿ ಕುದುರೆಯ ಮೇಲೆ ಬೇಲಿಯೊಳಗಿನ ಗದ್ದೆಯಲ್ಲಿ ಹತ್ತು ನಿಮಿಷ ಕೂತು ಇಳಿದೆ. ಇನ್ನೂ ಸ್ವಲ್ಪ ಹೊತ್ತು ಇರೋಣ ಅನ್ನಿಸುವಾಗಲೇ ಇಳಿಯುವುದು, ಸಾಕಪ್ಪ ಅನ್ನಿಸುವವರೆಗೆ ಕೂರದಿರುವುದು, ಇದೊಂದನ್ನು ಪಾಲಿಸಿದೆ. ತಿಂಗಳಾದರೂ ನಿದ್ದೆ ಬಾರದೆ, ಅದೇ ಕ್ಷಣ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಹೆದರಿಕೆ ಇಳಿಯದೆ ಕುದುರೆಯ ಹೆದರಿಕೆ ಬಿಡಿಸಲು ಹೋಗಬೇಡಿ. ಹಗ್ಗದ ತುದಿಯಲ್ಲಿರುವ ನಿಮ್ಮ ಕೈ ಬಿಗಿಯಾದದ್ದು ಅದಕ್ಕೆ ಲಾರಿಗಿಂತ ಮೊದಲು ಗೊತ್ತಾಗುತ್ತದೆ.

ಲಾರಿಯ ಜೊತೆ ರಾಜಿ

ನಮ್ಮ ಚಾಲಕರಿಗೆ ದನದ ಅಭ್ಯಾಸ. ಹಾರ್ನ್ ಹೊಡೆದರೆ ದನ ಸರಿಯುತ್ತದೆ, ಕುದುರೆಯೂ ಸರಿಯುತ್ತದೆ ಅಂದುಕೊಳ್ಳುತ್ತಾರೆ. ಕುದುರೆ ಸರಿಯುವುದಿಲ್ಲ, ಸಿಡಿಯುತ್ತದೆ. ಒಮ್ಮೆ ಸಿಡಿದ ಜಾಗವನ್ನು ಮರೆಯುವುದೂ ಇಲ್ಲ.

ನಿಂತ ವಾಹನದಿಂದ ಶುರು ಮಾಡಿ. ಗೌಡ್ರ ಅಡಿಕೆ ಸಾಗಿಸುವ ಗಾಡಿಯನ್ನು ಎಂಜಿನ್ ಆರಿಸಿ ಕಣದಲ್ಲಿ ನಿಲ್ಲಿಸಿಕೊಂಡಿದ್ದೆವು. ಮೊದಲ ದಿನ ಕೆಂಚಿ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಳು. ತಲೆ ಎತ್ತಿ, ಎರಡೂ ಕಿವಿ ಗಾಡಿಯ ಕಡೆ ನೆಟ್ಟು, ಮೂಗಿನ ಹೊಳ್ಳೆ ನಾಣ್ಯದಷ್ಟು ತೆರೆದು. ಅಲ್ಲಿಂದ ಮುಂದೆ ಎಳೆಯಲಿಲ್ಲ. ಸುಮ್ನೆ ನಿಂತೆ. ಎರಡು ಮೂರು ನಿಮಿಷಕ್ಕೆ ಒಂದು ಕಿವಿ ನನ್ನ ಕಡೆ ತಿರುಗಿತು. ಆಮೇಲೆ ತಲೆ ಸ್ವಲ್ಪ ಇಳಿಯಿತು, ದವಡೆ ಆಡಿಸಿದಳು, ಉದ್ದಕ್ಕೆ ಉಸಿರು ಬಿಟ್ಟಳು. ಆ ಕ್ಷಣಕ್ಕೇ ಅವಳನ್ನು ತಿರುಗಿಸಿಕೊಂಡು ವಾಪಸ್ ಬಂದೆ. ಇದೇ ಮುಖ್ಯ. ಸಮಾಧಾನ ಆದ ತಕ್ಷಣ ದೂರ ಕರೆದುಕೊಂಡು ಹೋಗುವುದೇ ಅದಕ್ಕೆ ಬಹುಮಾನ. ಹತ್ತಿರ ತಳ್ಳಿದರೆ ಸಮಾಧಾನ ಆಗಿದ್ದೇ ತಪ್ಪಾಯಿತು ಅಂತ ಅದು ಕಲಿಯುತ್ತದೆ.

ಮುಂದೆ ಗಾಡಿಯ ಎಂಜಿನ್ ಓಡುತ್ತಿರುವಾಗ ಇದನ್ನೇ ಮಾಡಿ. ಆಮೇಲೆ ಗಾಡಿ ನಿಧಾನಕ್ಕೆ ಮುಂದೆ ಹೋಗಲಿ, ಕುದುರೆ ಅದರ ಹಿಂದೆ ಬರಲಿ. ತನ್ನ ಮೇಲೆ ಬರುವುದಕ್ಕೆ ಹೆದರುವ ಕುದುರೆ ತನ್ನಿಂದ ಓಡುವುದನ್ನು ಬೆನ್ನಟ್ಟುತ್ತದೆ. ನಾಲ್ಕನೇ ದಿನ ಕೆಂಚಿ ಗಾಡಿಯ ಹಿಂದಿನ ಹಲಗೆ ಮೂಸಿ, ಅಂಟಿದ್ದ ಹುಲ್ಲು ಎಳೆದು ತಿಂದಳು. ಹಾರ್ನಿನ ಸದ್ದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮೇವು ತಿನ್ನುವಾಗ ಕೇಳಿಯೂ ಕೇಳದ ಹಾಗೆ ಹಾಕಿ, ದಿನವೂ ಒಂದು ಗೆರೆ ಜೋರು ಮಾಡಿ. ತಿನ್ನುವುದು ನಿಲ್ಲಿಸಿದರೆ ಎರಡು ಗೆರೆ ಇಳಿಸಿ.

ರಸ್ತೆಗೆ ಮೊದಲು ಜೀನಿಲ್ಲದೆ, ನಡೆಸಿಕೊಂಡು ಹೋಗಿ. ಮೊದಲ ಬಸ್ಸು ಬರುವ ಮೊದಲು, ಆದರೆ ಮಂಜು ಇಲ್ಲದ ಹೊತ್ತು. ಹೊಳೆಯುವ ಜಾಕೆಟ್ ಹಾಕಿಕೊಳ್ಳಿ. ವಾಹನ ಬಂದರೆ ಕುದುರೆಯ ಮುಖವನ್ನು ತುಸು ವಾಹನದ ಕಡೆಗೇ ತಿರುಗಿಸಿ. ಮುಖ ಆ ಕಡೆ ಹೋದರೆ ಹಿಂಭಾಗ ರಸ್ತೆಯಿಂದ ಹೊರಕ್ಕೆ ಸರಿಯುತ್ತದೆ. ಬೇಲಿಯ ಕಡೆ ತಿರುಗಿಸುವುದು ನಮ್ಮ ಕೈಗೆ ತಾನಾಗಿ ಬರುವ ತಪ್ಪು, ಆಗ ಹಿಂಗಾಲು ಲಾರಿಯ ದಾರಿಗೆ ಬೀಳುತ್ತದೆ. ಚಾಲಕರಿಗೆ ಅಂಗೈ ಕೆಳಮುಖ ಮಾಡಿ ನಿಧಾನ ಅಂತ ತೋರಿಸಿ. ನಿಧಾನ ಮಾಡಿದವರಿಗೆ ಕೈ ಎತ್ತಿ ನಗಿ. ದಿನಾ ಅದೇ ಹಾಲಿನ ವ್ಯಾನು, ಅದೇ ಬಸ್ಸು ತಾನೇ ಬರುವುದು. ಒಂದು ತಿಂಗಳಲ್ಲಿ ಹಾಲಿನ ವ್ಯಾನಿನವರು ತಿರುವಿಗೆ ಮೊದಲೇ ಗೇರ್ ಇಳಿಸಲು ಶುರು ಮಾಡಿದರು.

ಜೀನು ಹಾಕಿದ ಮೊದಲ ವಾರ ಬರೀ ನಡಿಗೆ. ಜೊತೆಗೆ ಒಬ್ಬರು ನಡೆದು ಬರಲಿ. ಚೀಲದಲ್ಲಿ ಬ್ಯಾಂಡೇಜ್, ಹತ್ತಿ, ಸಿರಿಂಜ್, ಒಂದು ಬಾಟಲಿ ಉಪ್ಪುನೀರು, ಕಟಿಂಗ್ ಪ್ಲೇಯರ್ ಇರಲಿ.

ಆ ತಿರುವಿನಲ್ಲಿ ನಾನು ಈಗಲೂ ಕೆಳಗಿಳಿದೇ ಹೋಗುತ್ತೇನೆ. ಕೆಂಚಿಗೆ ಅದರ ಅಗತ್ಯ ಇದ್ದಂತಿಲ್ಲ. ಗೌಡ್ರು ಹೊಸದಾಗಿ ಹಾಕಿದ ಬೇಲಿಯ ಹತ್ತಿರ ನಿಂತು, ನಾನು ಮತ್ತೆ ಹತ್ತುವವರೆಗೆ ಹುಲ್ಲು ಮೇಯುತ್ತಿರುತ್ತಾಳೆ. ಈ ಸಲ ಅವರು ಮುಳ್ಳುತಂತಿ ಬಿಟ್ಟು ಅಡಿಕೆ ಮರ ಸೀಳಿದ ದಬ್ಬೆ ಹೊಡೆದಿದ್ದಾರೆ.